ಊರಿನ ‘ಬೇಡ’ಕ್ಕೆ ಕಾನೂನಿನಲ್ಲಿ ಬೆಲೆ ಎಷ್ಟು?

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿಕೇಂದ್ರೀಕರಣ ಅಂದ ಕೂಡಲೇ ನಾವು ಲೆಕ್ಕ ಶುರು ಮಾಡುತ್ತೇವೆ. ಎಷ್ಟು ಪಂಚಾಯಿತಿ, ಎಷ್ಟು ಸದಸ್ಯರು, ಅದರಲ್ಲಿ ಮಹಿಳೆಯರೆಷ್ಟು, ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯಿತು. ಈ ಲೆಕ್ಕವೂ ಬೇಕು. ಆದರೆ ಇವತ್ತು ನಾನು ಬೇರೆ ಒಂದು ಅಳತೆ ಹಿಡಿದು ಮಾತಾಡುತ್ತೇನೆ. ಮೇಲಿನಿಂದ ಒಂದು ಯೋಜನೆ ಬರುತ್ತದೆ. ಊರವರು ಸೇರಿ, ಕೂತು, ಜಗಳಾಡಿ, ಕೊನೆಗೆ ‘ಇದು ನಮಗೆ ಬೇಡ’ ಅನ್ನುತ್ತಾರೆ. ಆ ಮಾತಿಗೆ ಏನಾಗುತ್ತದೆ? ಅದು ಯಾರ ಮೇಜಿಗೆ ಹೋಗುತ್ತದೆ? ಅದನ್ನು ಮೀರಿ ಮುಂದೆ ಹೋದರೆ ಕೋರ್ಟು ಕೇಳುತ್ತದೆಯೇ?

‘ಬೇಕು’ ಅನ್ನುವುದಕ್ಕೆ ನಮ್ಮಲ್ಲಿ ಬೇಕಾದಷ್ಟು ಅವಕಾಶ ಇದೆ. ರಸ್ತೆ ಬೇಕು, ಚರಂಡಿ ಬೇಕು, ಮನೆ ಬೇಕು ಅಂತ ಪಟ್ಟಿ ಮಾಡುವುದೇ ಗ್ರಾಮಸಭೆ ಅಂತ ಆಗಿಬಿಟ್ಟಿದೆ, ಅಲ್ವಾ? ಫಲಾನುಭವಿಗಳ ಪಟ್ಟಿ ಓದಿದರೆ ಸಭೆ ಮುಗಿಯಿತು. ಬೇಡ ಅನ್ನುವ ಅಧಿಕಾರ ಕೆಳಗಿನವರಿಗೆ ಎಷ್ಟಿದೆ ಅನ್ನುವುದರಲ್ಲೇ ಅಧಿಕಾರ ನಿಜಕ್ಕೂ ಕೆಳಗೆ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೊದಲು ಸ್ವಲ್ಪ ಹಿಂದಿನ ಮಾತು. ಕೋಲಾರ, ತುಮಕೂರು ಕಡೆಯ ಕೆರೆ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವನ ಕೆಲಸ. ಗದ್ದೆಯ ಯಜಮಾನ ಎಷ್ಟೇ ದೊಡ್ಡವನಿರಲಿ, ತಾನೇ ಹೋಗಿ ತೂಬು ಎತ್ತುವಂತಿರಲಿಲ್ಲ. ಅದು ಊರು ಒಟ್ಟಾಗಿ ಒಪ್ಪಿದ ಕಟ್ಟಳೆ. ಯಾವ ಕಾಯ್ದೆಯೂ ಅದನ್ನು ಹುಟ್ಟಿಸಿರಲಿಲ್ಲ. ಹಾಗಂತ ಅದನ್ನು ಚಿನ್ನದ ಕಾಲ ಅಂತ ಕೊಂಡಾಡಬೇಡಿ. ನೀರುಗಂಟಿ ಬಹುತೇಕ ಕಡೆ ದಲಿತ ಕುಟುಂಬದವನು. ನೀರು ಹಂಚುತ್ತಿದ್ದ, ಹಂಚಿಕೆಯ ನಿಯಮ ಮಾಡುವಾಗ ಅವನಿಗೆ ಮಾತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಪಟೇಲ, ಶಾನುಭೋಗರ ಜೊತೆಗೆ ಇಂಥ ವಂಶಪಾರಂಪರ್ಯದ ಹುದ್ದೆಗಳನ್ನೂ ತೆಗೆದುಹಾಕಿತು. ತೆಗೆದದ್ದು ಸರಿ. ಆದರೆ ಊರು ಒಟ್ಟಾಗಿ ತೀರ್ಮಾನ ಮಾಡುವ ಜಾಗ ಖಾಲಿಯಾಯಿತು, ಆ ಜಾಗಕ್ಕೆ ಊರಿನದೇ ಆದ ಪ್ರಜಾಪ್ರಭುತ್ವದ ಸಂಸ್ಥೆ ಬರಲಿಲ್ಲ. ಇಲಾಖೆಗಳು ಬಂದವು.

ಅದಕ್ಕೇ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹೆಸರು ಇವತ್ತಿಗೂ ಹಳ್ಳಿಗಳಲ್ಲಿ ಉಳಿದಿದೆ. ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡರು, ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅವರು ತಂದ 1983ರ ಪಂಚಾಯಿತಿ ಕಾಯ್ದೆ. ಅದರಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆಯಿತು. ಮಹಿಳೆಯರಿಗೆ ಕಾಲು ಭಾಗ ಸ್ಥಾನ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅವರು ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯರು! ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಸರ್ಕಾರಿ ಕಚೇರಿಗೆ ಹೋಗಿ ಬಂದವರಿಗೆ ಗೊತ್ತು, ಯಾರು ಯಾರಿಗೆ ಎದ್ದು ನಿಲ್ಲುತ್ತಾರೆ ಅನ್ನುವುದೇ ಅಲ್ಲಿ ಅರ್ಧ ಆಡಳಿತ.

ಅದೇ ವರ್ಷ ಒಂದು ಘಟನೆ ನಡೆಯಿತು. ಇದನ್ನು ನಮ್ಮ ಪಂಚಾಯಿತಿ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲ. ಪರಿಸರ ಚಳವಳಿ ಅಂತ ಬೇರೆ ಕಪಾಟಿನಲ್ಲಿ ಇಟ್ಟಿದ್ದಾರೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಆಯಿತು. ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ಪಾಲು 51, ಹರಿಹರ ಪಾಲಿಫೈಬರ್ಸ್ ಪಾಲು 49. ಕಾರ್ಖಾನೆಗೆ ರೇಯಾನ್ ತಿರುಳು ಮಾಡಲು ಮರ ಬೇಕು. ಮರ ಬೆಳೆಯಲು ಜಾಗ ಬೇಕು. ಹಳೆಯ ಧಾರವಾಡ ಜಿಲ್ಲೆ ಮತ್ತು ಮಲೆನಾಡಿನ ಅಂಚಿನ ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಜಮೀನನ್ನು 40 ವರ್ಷಕ್ಕೆ ಕಂಪನಿಗೆ ಕೊಡುವ ಮಾತಾಯಿತು. ಕಾಗದದಲ್ಲಿ ಅದು ‘ಸಿ’ ಮತ್ತು ‘ಡಿ’ ದರ್ಜೆಯ ಜಮೀನು, ಅಂದರೆ ಪಾಳು. ಊರಿನವರಿಗೆ ಅದು ದನ ಮೇಯುವ ಜಾಗ, ಸೌದೆ ತರುವ ಜಾಗ, ಬಡವರ ಮನೆಯ ಒಲೆ ಉರಿಯುವುದೇ ಅದರಿಂದ. ಕಂದಾಯದ ಕಡತಕ್ಕೆ ಪಾಳು, ಊರಿಗೆ ಬದುಕು. ಯಾರನ್ನೂ ಕೇಳದೆ ಅಲ್ಲಿ ನೀಲಗಿರಿ ನೆಟ್ಟರು.

ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಇದನ್ನು ಹಿಡಿದರು. ಶಿವರಾಮ ಕಾರಂತರ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಆ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಕೆಲವು ನೀಲಗಿರಿ ಸಸಿ ಕಿತ್ತರು, ಆ ಗುಂಡಿಯಲ್ಲೇ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಅಂತ ಅದಕ್ಕೆ ಹೆಸರು. ನೀವು ಗಮನಿಸಬೇಕಾದ್ದು ಇಷ್ಟು. ಕಿತ್ತು ಸುಮ್ಮನೆ ಹೋಗಲಿಲ್ಲ, ಆ ನೆಲ ಯಾರದು ಅಂತ ನೆಟ್ಟು ತೋರಿಸಿದರು.

ಆಮೇಲೆ ನಡೆದದ್ದು ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರ. ಆ ಭಾಗದ ಮಂಡಲ ಪಂಚಾಯಿತಿಗಳು ಈ ಕಂಪನಿ ಬೇಡ ಅಂತ ನಿರ್ಣಯ ಮಾಡಿದವು. ಆಗಷ್ಟೇ ಚುನಾವಣೆ ಗೆದ್ದು ಬಂದ ಸದಸ್ಯರು. ಕಾಯ್ದೆಯಲ್ಲಿ ಎಲ್ಲಿಯೂ ‘ಜಂಟಿ ಕಂಪನಿಯನ್ನು ತಿರಸ್ಕರಿಸುವ ಅಧಿಕಾರ ಮಂಡಲ ಪಂಚಾಯಿತಿಗೆ ಇದೆ’ ಅಂತ ಬರೆದಿರಲಿಲ್ಲ. ಆದರೂ ಮಾಡಿದರು. ಬೀದಿಯ ಹೋರಾಟ, ದೆಹಲಿಯ ಕೋರ್ಟು, ಊರಿನ ಆಯ್ಕೆಯಾದ ಸಂಸ್ಥೆ ಮೂರೂ ಒಂದೇ ಕಡೆ ಎಳೆದವು. 1991ರಲ್ಲಿ ಆ ಕಂಪನಿಯನ್ನು ಮುಚ್ಚಿದರು.

1991. ಆ ವರ್ಷ ಬೇರೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಲೈಸೆನ್ಸ್ ರಾಜ್ ಸಡಿಲವಾಯಿತು, ಬಂಡವಾಳಕ್ಕೆ ಬಾಗಿಲು ತೆರೆಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ಸರ್ಕಾರ, ಅದೇ ಸಂಸತ್ತು ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳನ್ನು ಪಾಸು ಮಾಡಿತು. ಪಂಚಾಯಿತಿ ತಿದ್ದುಪಡಿ 1993ರ ಏಪ್ರಿಲ್ 24ಕ್ಕೆ, ನಗರಗಳದ್ದು ಜೂನ್ 1ಕ್ಕೆ ಜಾರಿಗೆ ಬಂದವು. ನಾವು ಇವೆರಡನ್ನೂ ಬೇರೆ ಬೇರೆ ಕಥೆ ಅಂತ ಓದುತ್ತೇವೆ. ಒಂದು ಅರ್ಥಶಾಸ್ತ್ರದ ಪುಸ್ತಕದಲ್ಲಿ, ಇನ್ನೊಂದು ರಾಜ್ಯಶಾಸ್ತ್ರದ ಪುಸ್ತಕದಲ್ಲಿ. ಪಕ್ಕಪಕ್ಕ ಇಟ್ಟು ಓದಿ ನೋಡಿ.

ಮಾರುಕಟ್ಟೆಗೆ ಮಣೆ ಹಾಕುವ ಈ ನವ ಉದಾರವಾದಿ ಸರ್ಕಾರ ಅಂದರೆ ಸರ್ಕಾರ ಸಣ್ಣದಾಗುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗೇನೂ ಆಗಿಲ್ಲ. ಸರ್ಕಾರದ ಕೆಲಸದ ರೀತಿ ಬದಲಾಗಿದೆ. ತಾನೇ ಮಾಡುವ ಬದಲು ಮಾಡಿಸುತ್ತದೆ. ಟೆಂಡರ್ ಕರೆಯುತ್ತದೆ, ಒಪ್ಪಂದ ಬರೆಯುತ್ತದೆ, ಮಂಡಳಿ ಮಾಡುತ್ತದೆ, ಗುರಿ ಕೊಡುತ್ತದೆ, ಫೋಟೊ ಅಪ್‌ಲೋಡ್ ಮಾಡಿ ಅನ್ನುತ್ತದೆ. ಮಾಡಿಸುವುದಕ್ಕೆ ಕೆಳಗೆ ಯಾರಾದರೂ ಬೇಕಲ್ಲ? ಅದಕ್ಕೆ ಪಂಚಾಯಿತಿ ಚೆನ್ನಾಗಿ ಒಗ್ಗುತ್ತದೆ. ಆದ್ದರಿಂದ ಉದಾರೀಕರಣಕ್ಕೆ ವಿಕೇಂದ್ರೀಕರಣ ಎದುರಾಳಿಯಾಗಲಿಲ್ಲ, ಎಷ್ಟೋ ಕಡೆ ಅದರ ಕೈಯಾಯಿತು. ಮನೆಯ ಯಜಮಾನಿಕೆ ಸೊಸೆಗೆ ಕೊಟ್ಟೆ ಅಂತ ಊರಿಗೆಲ್ಲ ಹೇಳಿ, ಬೀರುವಿನ ಬೀಗದ ಕೈ ಮಾತ್ರ ಸೊಂಟದಲ್ಲೇ ಇಟ್ಟುಕೊಂಡ ಅತ್ತೆಯಂತೆ.

ಸಂವಿಧಾನದ 243-ಜಿ ವಿಧಿ ಓದಿ. 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ: ಕೃಷಿ, ಕುಡಿಯುವ ನೀರು, ಶಾಲೆ, ರಸ್ತೆ ಹೀಗೆ. ಈ ವಿಷಯಗಳಲ್ಲಿ ರಾಜ್ಯದ ಶಾಸಕಾಂಗ ಕಾನೂನು ಮಾಡಿ ಪಂಚಾಯಿತಿಗಳಿಗೆ ಅಧಿಕಾರ ‘ಕೊಡಬಹುದು’. ಕೊಡಲೇಬೇಕು ಅಂತಿಲ್ಲ. ಗ್ರಾಮಸಭೆಯ 243-ಎ ವಿಧಿಯೂ ಹಾಗೇ. ರಾಜ್ಯ ಕಾನೂನು ಏನು ಕೊಡುತ್ತದೋ ಅಷ್ಟು. ಚುನಾವಣೆ ಮಾತ್ರ ಕಡ್ಡಾಯ, ಐದು ವರ್ಷಕ್ಕೊಮ್ಮೆ. ಆರಿಸುವುದು ಕಡ್ಡಾಯ, ಅಧಿಕಾರ ಐಚ್ಛಿಕ. ಕಾನೂನು ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಿ.

ಆ ಕಡ್ಡಾಯದ ಚುನಾವಣೆಯ ಕಥೆಯೂ ಹೇಳಿಬಿಡುತ್ತೇನೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸುಪ್ರೀಂ ಕೋರ್ಟು 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಳೇ ಉರುಳಿದವು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆ ಸಂಸ್ಥೆಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಪಾಲಿಕೆಗಳಾಗಿ ಒಡೆದರು. ಐದು ವರ್ಷ ಒಂದು ಕೋಟಿಗೂ ಜಾಸ್ತಿ ಜನರ ನಗರವನ್ನು ಆಡಳಿತಾಧಿಕಾರಿ ನಡೆಸಿದರು.

ಇಲ್ಲಿ ಒಂದು ಬಳಸು ದಾರಿ ಹಿಡಿಯುತ್ತೇನೆ. ದಕ್ಷಿಣ ಅಮೆರಿಕದ ಬೊಲಿವಿಯಾಕ್ಕೆ ಹೋಗಿ ಬರೋಣ. ಉದಾರೀಕರಣ, ವಿಕೇಂದ್ರೀಕರಣದ ಈ ಜೋಡಿ ಆಟ ನಮ್ಮಲ್ಲಿ ಮಾತ್ರ ಆದದ್ದಲ್ಲ ಅಂತ ತೋರಿಸುವುದಕ್ಕೆ.

ಬೊಲಿವಿಯಾದಲ್ಲಿ 1994ರ ಏಪ್ರಿಲ್‌ನಲ್ಲಿ ಜನರ ಭಾಗವಹಿಸುವಿಕೆಯ ಕಾನೂನು ಬಂತು. ಗೊನ್ಸಾಲೊ ಸಾಂಚೆಸ್ ದೆ ಲೊಸಾದಾ ಆಗ ಅಧ್ಯಕ್ಷರು. ದೇಶದ ತೆರಿಗೆ ಆದಾಯದ ಶೇ 20ರಷ್ಟನ್ನು ತಲೆ ಲೆಕ್ಕದಲ್ಲಿ 300ಕ್ಕೂ ಹೆಚ್ಚು ಮುನ್ಸಿಪಾಲಿಟಿಗಳಿಗೆ ಹಂಚಿದರು. ಅಲ್ಲಿನ ಮೂಲ ನಿವಾಸಿಗಳ ಸಮುದಾಯ, ರೈತರ ಒಕ್ಕೂಟ, ನಗರದ ಬಡಾವಣೆ ಸಂಘ ಎಲ್ಲಕ್ಕೂ ಕಾನೂನಿನ ಮಾನ್ಯತೆ ಸಿಕ್ಕಿತು. ಮುನ್ಸಿಪಾಲಿಟಿಯ ಮೇಲೆ ಕಣ್ಣಿಡುವುದಕ್ಕೆ ಇವರದೇ ಒಂದು ಜಾಗೃತ ಸಮಿತಿ. ಕೇಳಲು ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿತ್ತು, ಹಿಂದೆಂದೂ ದುಡ್ಡು ಕಾಣದ ಊರುಗಳಿಗೆ ದುಡ್ಡು ಹೋಯಿತು. ಅದೇ ವರ್ಷ ಅದೇ ಸರ್ಕಾರ ದೇಶದ ತೈಲ, ವಿದ್ಯುತ್, ರೈಲು, ದೂರವಾಣಿ ಕಂಪನಿಗಳಲ್ಲಿ ಅರ್ಧ ಪಾಲನ್ನು ಹೊರಗಿನ ಬಂಡವಾಳಕ್ಕೆ ತೆರೆಯುವ ಕಾನೂನನ್ನೂ ಮಾಡಿತು. ಊರ ಚರಂಡಿ ಎಲ್ಲಿ ಹೋಗಬೇಕು ಅನ್ನುವುದು ಊರಿಗೆ, ದೇಶದ ಅನಿಲ ಎಲ್ಲಿಗೆ ಹೋಗಬೇಕು ಅನ್ನುವುದು ಬೇರೆಯವರಿಗೆ.

1999ರಲ್ಲಿ ಕೊಚಬಾಂಬಾ ನಗರದ ನೀರನ್ನು 40 ವರ್ಷದ ಗುತ್ತಿಗೆಗೆ ಆಗುವಾಸ್ ದೆಲ್ ತುನಾರಿ ಅನ್ನುವ ಕಂಪನಿಗೆ ಕೊಟ್ಟರು. ಅದರ ಹಿಂದೆ ಅಮೆರಿಕದ ಬೆಕ್ಟೆಲ್ ಇತ್ತು. ದರ ಏರಿತು ಅಂತ ಜನ ಬೀದಿಗೆ ಬಂದರು ಅಂತಲೇ ಎಲ್ಲರೂ ಹೇಳುತ್ತಾರೆ. ದರ ಏರಿದ್ದು ಹೌದು. ಆದರೆ ಸುತ್ತಲ ಹಳ್ಳಿಗಳ ನೀರಾವರಿ ಸಂಘದವರು ಮೊದಲು ಎದ್ದದ್ದಕ್ಕೆ ಬೇರೆ ಕಾರಣ ಇತ್ತು. ಗುತ್ತಿಗೆಯ ಜೊತೆಗೆ ಬಂದ ನೀರಿನ ಕಾನೂನು ಅವರ ಕಾಲುವೆ, ಅವರೇ ತೋಡಿದ ಬಾವಿ, ಅವರ ಹಂಚಿಕೆಯ ಕಟ್ಟಳೆ ಯಾವುದನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 2000ದ ಏಪ್ರಿಲ್‌ನಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಬೇಕಾಯಿತು. ಅಷ್ಟೇ ಆಗಿದ್ದರೆ ಅದು ಬರೀ ಗಲಾಟೆಯ ಗೆಲುವು. ನೀರಿನ ಕಾನೂನನ್ನೂ ತಿದ್ದಿದರು. ಊರಿನ ರೂಢಿ, ಕಟ್ಟಳೆಗಳಿಗೆ ಅದರಲ್ಲಿ ಜಾಗ ಕೊಟ್ಟರು. ಐದಾರು ವರ್ಷ ಮುನ್ಸಿಪಾಲಿಟಿ ಸಭೆಗಳಲ್ಲಿ ಕೂತು ಅಭ್ಯಾಸ ಆಗಿದ್ದ ಸಂಘಗಳು, ಕೊಟ್ಟ ಚೌಕಟ್ಟು ದಾಟಿ ಹೊರಗೆ ಬಂದು ಕಾನೂನನ್ನೇ ಬದಲಿಸಿದವು.

ಸರಿ, ನಮ್ಮ ಊರಿಗೆ ವಾಪಸ್ ಬರೋಣ.

ನಮ್ಮಲ್ಲಿ 1990ರ ದಶಕದ ಕೊನೆಯಿಂದ ಸಮಿತಿಗಳ ಕಾಲ ಶುರುವಾಯಿತು. ನೀರು ಬಳಕೆದಾರರ ಸಂಘ, ಗ್ರಾಮ ಅರಣ್ಯ ಸಮಿತಿ, ಶಾಲೆಗೆ ಎಸ್‌ಡಿಎಂಸಿ ಅನ್ನುವ ಉಸ್ತುವಾರಿ ಸಮಿತಿ, ಕುಡಿಯುವ ನೀರಿಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ವಿಶ್ವಬ್ಯಾಂಕ್ ಸಾಲದ ಕೆರೆ ಯೋಜನೆಯನ್ನೇ ತಗೊಳ್ಳಿ. 2002ರಲ್ಲಿ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಅದು ಶುರುವಾಯಿತು. ಪ್ರತಿ ಕೆರೆಗೆ ಒಂದು ಕೆರೆ ಬಳಕೆದಾರರ ಸಂಘ. ಊರವರು ತಮ್ಮ ಪಾಲಿನ ವಂತಿಗೆ ಹಾಕಬೇಕು, ಕೆಲಸ ಮುಗಿದ ಮೇಲೆ ನಿರ್ವಹಣೆ ಮಾಡಬೇಕು. ಎಷ್ಟೋ ಕಡೆ ಒಳ್ಳೆಯ ಕೆಲಸ ಆಯಿತು, ಹೂಳು ಹೋಯಿತು, ಏರಿ ಗಟ್ಟಿಯಾಯಿತು. ನನ್ನ ಪ್ರಶ್ನೆ ಬೇರೆ. ಊರಿನಲ್ಲಿ ಆಯ್ಕೆಯಾದ ಪಂಚಾಯಿತಿ ಇರುವಾಗ, ಅದರ ಪಕ್ಕದಲ್ಲಿ ಪ್ರತಿ ವಿಷಯಕ್ಕೂ ಒಂದು ನೋಂದಾಯಿತ ಸಂಘ ಯಾಕೆ? ಕೆರೆಯಲ್ಲಿ ಅಚ್ಚುಕಟ್ಟಿನ ರೈತನಿಗೆ ಪಾಲಿದೆ, ಸರಿ. ಬಟ್ಟೆ ಒಗೆಯುವವಳಿಗೆ, ಮೀನು ಹಿಡಿಯುವವನಿಗೆ, ಕುರಿಗೆ ನೀರು ಕುಡಿಸುವವನಿಗೆ? ಸಂಘದಲ್ಲಿ ಅವರಿಗೆ ಕುರ್ಚಿ ಕೊಟ್ಟರೂ ಮಾತು ಜಮೀನಿದ್ದವನದೇ. ನಾಗರಿಕ ಅನ್ನುವವನು ಬಳಕೆದಾರ ಆಗುತ್ತಾನೆ. ನಾಗರಿಕನಿಗೆ ಹಕ್ಕು, ಬಳಕೆದಾರನಿಗೆ ಬಿಲ್ಲು.

ಜಲಜೀವನ್ ಮಿಷನ್‌ನಲ್ಲೂ ಇದೇ ಅಚ್ಚು. 2019ರಲ್ಲಿ ಬಂದ ಯೋಜನೆ. ಊರೊಳಗಿನ ಕಾಮಗಾರಿ ವೆಚ್ಚದ ಶೇ 10, ಗುಡ್ಡಗಾಡು ಮತ್ತು ಪರಿಶಿಷ್ಟರು ಜಾಸ್ತಿ ಇರುವ ಕಡೆ ಶೇ 5 ಸಮುದಾಯದ ವಂತಿಗೆ. ಪೈಪು ಎಲ್ಲಿಂದ, ಯಾವ ಗುತ್ತಿಗೆದಾರ, ಯಾವ ವಿನ್ಯಾಸ ಅನ್ನುವುದು ಮೇಲಿನ ತೀರ್ಮಾನ. ಪೈಪು ಹಾಕಲು ಅಗೆದ ಸಿಮೆಂಟ್ ರಸ್ತೆ ಯಾರ ತಲೆಗೆ? ಪಂಚಾಯಿತಿ ಸದಸ್ಯರು ನಗುತ್ತಿದ್ದೀರಿ. ಉತ್ತರ ಗೊತ್ತಿದ್ದವರೇ ನಗುವುದು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ನ್ನು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದರು. ರಾಜ್ಯದ ಅನುದಾನದಲ್ಲಿ ದೊಡ್ಡ ಪಾಲು ಬೀದಿ ದೀಪ, ಪಂಪಿನ ಕರೆಂಟ್ ಬಿಲ್ಲಿಗೆ ಹೋಗುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿ ಆಯ್ಕೆಯನ್ನೂ ಸಾಮಾಜಿಕ ಪರಿಶೋಧನೆಯನ್ನೂ ಗ್ರಾಮಸಭೆಗೆ ಕೊಟ್ಟಿತು. ಅಷ್ಟು ಸ್ಪಷ್ಟವಾಗಿ ಕೊಟ್ಟ ಕಾಯ್ದೆಗಳು ಕಡಿಮೆ. ಆದರೆ 2023ರ ಜನವರಿಯಿಂದ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗಲಿಲ್ಲ ಅಂದರೆ ಇಡೀ ಊರು ನೋಡಿದ ಕೆಲಸವೂ ಕೆಲಸ ಅಲ್ಲ. ಊರಿನ ಸಾಕ್ಷಿಗಿಂತ ಸರ್ವರ್ ಸಾಕ್ಷಿ ದೊಡ್ಡದು.

ನಗರಗಳಲ್ಲಿ ಇದು ಇನ್ನೂ ನೇರವಾಗಿ ಕಾಣುತ್ತದೆ. 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂತು. ನಮ್ಮ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ತುಮಕೂರು, ಶಿವಮೊಗ್ಗ, ಮಂಗಳೂರು, ಬೆಂಗಳೂರು ಅದರಲ್ಲಿ ಸೇರಿದವು. ದುಡ್ಡು ಪಾಲಿಕೆಗೆ ಬರಲಿಲ್ಲ. ಪ್ರತಿ ನಗರಕ್ಕೂ ಕಂಪನಿ ಕಾಯ್ದೆಯಡಿ ಒಂದು ಲಿಮಿಟೆಡ್ ಕಂಪನಿ ಮಾಡಿದರು. ಕಂಪನಿಗೆ ನಿರ್ದೇಶಕ ಮಂಡಳಿ ಇದೆ, ಮಂಡಳಿಗೆ ಅಧಿಕಾರಿಗಳಿದ್ದಾರೆ. ವಾರ್ಡಿನಲ್ಲಿ ಗೆದ್ದ ಸದಸ್ಯ ತನ್ನದೇ ಬೀದಿಯ ಫುಟ್‌ಪಾತ್ ಬಗ್ಗೆ ಕಂಪನಿಯ ಎಂಜಿನಿಯರ್ ಹತ್ತಿರ ಹೋಗಿ ಕೇಳಬೇಕು.

ಇದಕ್ಕಿಂತ ಹಳೆಯ, ಇದಕ್ಕಿಂತ ಆಳದ ಒಂದು ಬಾಗಿಲು ಸಂವಿಧಾನದಲ್ಲೇ ಇದೆ. 243-ಕ್ಯೂ ವಿಧಿಯ ಪರಂತುಕ, ಅಂದರೆ ‘ಆದರೆ’ ಅಂತ ಕೊನೆಗೆ ಸೇರಿಸಿದ ವಿನಾಯಿತಿ, ಯಾರಾದರೂ ಓದಿದ್ದೀರಾ? ಒಂದು ಕೈಗಾರಿಕಾ ಸಂಸ್ಥೆ ತನ್ನ ಪ್ರದೇಶಕ್ಕೆ ತಾನೇ ಪೌರ ಸೇವೆ ಕೊಡುತ್ತಿದ್ದರೆ, ಅಥವಾ ಕೊಡುತ್ತೇನೆ ಅಂದರೆ, ಅಲ್ಲಿ ಪುರಸಭೆ ಮಾಡುವ ಅಗತ್ಯ ಇಲ್ಲ. ರಾಜ್ಯಪಾಲರು ಅದನ್ನು ಕೈಗಾರಿಕಾ ಟೌನ್‌ಶಿಪ್ ಅಂತ ಘೋಷಿಸಬಹುದು. ನಗರಗಳಿಗೆ ಸ್ವಯಂ ಆಡಳಿತ ಕೊಟ್ಟ ತಿದ್ದುಪಡಿಯಲ್ಲೇ, ಪಕ್ಕದ ಸಾಲಿನಲ್ಲೇ, ಚುನಾವಣೆ ಇಲ್ಲದ ನಗರಕ್ಕೂ ಜಾಗ ಬಿಟ್ಟರು. ನಮ್ಮ ಎಲೆಕ್ಟ್ರಾನಿಕ್ಸ್ ಸಿಟಿ 2013ರಲ್ಲಿ ಹೀಗೇ ಟೌನ್‌ಶಿಪ್ ಪ್ರಾಧಿಕಾರ ಆಯಿತು. ಅದಕ್ಕೂ ಮೊದಲು ಅದು ಸುತ್ತಲ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿತ್ತು. ಈಗ ಆಸ್ತಿ ತೆರಿಗೆ ಪ್ರಾಧಿಕಾರಕ್ಕೆ. ಅಲ್ಲಿ ಕೂರುವವರು ಕೈಗಾರಿಕೆಗಳ ಪ್ರತಿನಿಧಿಗಳು ಮತ್ತು ಸರ್ಕಾರದ ಅಧಿಕಾರಿಗಳು. ರಸ್ತೆ ಚೆನ್ನಾಗಿದೆ, ಕಸ ಸಮಯಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಮತದಾರ ಅನ್ನುವವನು ಅಲ್ಲಿನ ಆಡಳಿತದಲ್ಲಿ ಇಲ್ಲ.

ಹಾಗಾದರೆ ಊರಿನ ‘ಬೇಡ’ ಕಾನೂನಿನಲ್ಲಿ ನಿಂತ ಉದಾಹರಣೆ ಇಲ್ಲವೇ? ಇದೆ. ಒಡಿಶಾದ ನಿಯಮಗಿರಿ.

ಲಾಂಜಿಗಡದಲ್ಲಿ ವೇದಾಂತ ಕಂಪನಿಯ ಅಲ್ಯುಮಿನಾ ಕಾರ್ಖಾನೆ ಆಗಲೇ ನಿಂತಿತ್ತು. ಮೇಲಿನ ಗುಡ್ಡದಲ್ಲಿ ಬಾಕ್ಸೈಟ್. ಆ ಗುಡ್ಡ ಡೊಂಗ್ರಿಯಾ ಕೊಂಧ ಆದಿವಾಸಿಗಳಿಗೆ ನಿಯಮರಾಜ ಅನ್ನುವ ದೇವರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಹೇಳಿತು: ಇವರ ಧಾರ್ಮಿಕ, ಸಾಂಸ್ಕೃತಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದೆ ಇಡಿ, ಅವರು ತೀರ್ಮಾನಿಸಲಿ. ಗುಡ್ಡದ ಸುತ್ತ ನೂರಕ್ಕೂ ಹೆಚ್ಚು ಊರುಗಳಿದ್ದವು. ರಾಜ್ಯ ಸರ್ಕಾರ ಹನ್ನೆರಡನ್ನು ಆರಿಸಿತು. ಸಣ್ಣ ಸಣ್ಣ ಹಾಡಿಗಳು. ಜಿಲ್ಲಾ ನ್ಯಾಯಾಧೀಶರು ವೀಕ್ಷಕರಾಗಿ ಕೂತರು. ಜುಲೈ, ಆಗಸ್ಟ್ ತಿಂಗಳಲ್ಲಿ ಸಭೆ ನಡೆದವು. ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಮರುವರ್ಷ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು.

ಇದು ಹೇಗೆ ಸಾಧ್ಯವಾಯಿತು? ಅಲ್ಲಿನ ಜನ ನಮಗಿಂತ ಗಟ್ಟಿ ಅಂತಷ್ಟೇ ಹೇಳಿದರೆ ಅರ್ಧ ಉತ್ತರ. 2006ರ ಅರಣ್ಯ ಹಕ್ಕು ಕಾಯ್ದೆ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಡಲಿಲ್ಲ, ನೇರವಾಗಿ ಗ್ರಾಮಸಭೆಗೆ ಕೊಟ್ಟಿತು. ಅದರ ಗ್ರಾಮಸಭೆ ಅಂದರೆ ಒಂದು ಊರು, ಒಂದು ಹಾಡಿ, ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವಷ್ಟು ಜನ. ಆ ಕಾಯ್ದೆಯ ನಿಯಮದಂತೆ ಕನಿಷ್ಠ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಹಾಗಲ್ಲ. ಐದಾರು ಸಾವಿರ ಜನರ ಇಡೀ ಗ್ರಾಮ ಪಂಚಾಯಿತಿಗೆ ಒಂದು ಸಭೆ. ನಾಲ್ಕೈದು ಊರು ಅದರಲ್ಲಿ ಬರುತ್ತವೆ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಗಣಿ ಬರುವುದು ಒಂದು ಊರಿಗೆ, ಕೈ ಎತ್ತುವುದು ಇನ್ನೊಂದು ಊರು.

ನಮ್ಮ ರಾಜ್ಯದಲ್ಲಿ ಐದನೇ ಅನುಸೂಚಿಯ ಪ್ರದೇಶ, ಅಂದರೆ ಸಂವಿಧಾನದಡಿ ಬೇರೆಯಾಗಿ ಗುರುತಿಸಿದ ಆದಿವಾಸಿ ಪ್ರದೇಶ, ಇಲ್ಲ. ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮಗೆ ಅನ್ವಯ ಆಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆ ಆಗುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ಬಳಸಿ, ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯದ ಹಕ್ಕುಪತ್ರ ಪಡೆದರು. ದೇಶದಲ್ಲೇ ಅದು ಮೊದಲು. ಜೇನು, ನೆಲ್ಲಿಕಾಯಿ ತೆಗೆಯುವ ಹಕ್ಕು ಮಾತ್ರವಲ್ಲ, ಕಾಡನ್ನು ನೋಡಿಕೊಳ್ಳುವ ಹಕ್ಕೂ ಅದರಲ್ಲಿದೆ. ಹಕ್ಕುಪತ್ರ ಬಂದ ಮೇಲೂ ಇಲಾಖೆಯ ಗೇಟಿನಲ್ಲಿ ದಿನನಿತ್ಯದ ಜಗಳ ನಿಲ್ಲಲಿಲ್ಲ, ಅದು ಬೇರೆ ಮಾತು. ಇನ್ನೊಂದು ಕಡೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು, ಕೇಂದ್ರ ಅನುಮತಿ ಕೊಡುವ ಮೊದಲೇ ಗ್ರಾಮಸಭೆಯ ಒಪ್ಪಿಗೆ ಇದೆಯೇ ಅಂತ ನೋಡಬೇಕೆಂಬ ಷರತ್ತನ್ನು ಸಡಿಲ ಮಾಡಿ ಆ ಹೊಣೆಯನ್ನು ರಾಜ್ಯದ ಕಡೆ ತಳ್ಳಿದವು. ಒಂದು ಕಾಯ್ದೆ ಕೊಟ್ಟದ್ದನ್ನು ಇನ್ನೊಂದರ ನಿಯಮ ಸವೆಸುತ್ತದೆ. ಸಂಸತ್ತಿನಲ್ಲಿ ಚರ್ಚೆಯೂ ಬೇಕಿಲ್ಲ.

ಕೃಷಿ ಜಮೀನಿನ ವಿಷಯಕ್ಕೆ ಬಂದರೆ ದೇವನಹಳ್ಳಿಯ ಹೆಸರು ಹೇಳದೆ ಆಗುವುದಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ. ಏರೋಸ್ಪೇಸ್ ಪಾರ್ಕಿಗೆ ಅಂತ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿಯ ನೋಟಿಸ್. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ ಶೇ 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕೆ ಶೇ 70 ಕುಟುಂಬಗಳ ಒಪ್ಪಿಗೆ ಬೇಕು ಅಂತಿದೆ. ಆದರೆ ಕೆಐಎಡಿಬಿ ತಗೊಳ್ಳುವುದು ತನ್ನದೇ 1966ರ ಕಾಯ್ದೆಯಲ್ಲಿ, ಅದರಲ್ಲಿ ಈ ಒಪ್ಪಿಗೆಯ ಮಾತೇ ಇಲ್ಲ. ಸಾವಿರಕ್ಕೂ ಹೆಚ್ಚು ದಿನ ರೈತರು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಸಂತೋಷ. ಆದರೆ ಅವರ ‘ಬೇಡ’ಕ್ಕೆ ಬೆಲೆ ಕಟ್ಟಿದ್ದು ಕಾಯ್ದೆಯಲ್ಲ, ಹೋರಾಟ ಮತ್ತು ಒಬ್ಬ ಮುಖ್ಯಮಂತ್ರಿಯ ತೀರ್ಮಾನ. 1966ರ ಕಾಯ್ದೆ ಹಾಗೇ ಇದೆ. ಮುಂದಿನ ಹೋಬಳಿಯವರು ಮತ್ತೆ ಅಷ್ಟೇ ದಿನ ಕೂರಬೇಕು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾರೆ. ‘ಊರು ಹೇಳಿದ್ದೆಲ್ಲ ಸರಿ ಅಂತ ಒಪ್ಪಬೇಕೇ ಸರ್?’ ಖಂಡಿತ ಬೇಡ. ಊರು ಒಟ್ಟಾಗಿ ‘ಬೇಡ’ ಅಂದದ್ದರಲ್ಲಿ ದಲಿತರಿಗೆ ಬಾವಿ ಬೇಡ ಅಂದದ್ದೂ ಸೇರಿದೆ. ಬೇರೆ ಜಾತಿಯವನನ್ನು ಮದುವೆಯಾದವಳಿಗೆ ಊರಲ್ಲಿ ಬೆಂಕಿ, ನೀರು ಬೇಡ ಅಂದದ್ದೂ ಇದೆ. ಬಹಿಷ್ಕಾರ ಅನ್ನುವುದೂ ಸಾಮೂಹಿಕ ಅಧಿಕಾರವೇ. ಅದಕ್ಕೇ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನು ಮಾಡಿತು. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪರಿಶಿಷ್ಟರ ಮೇಲೆ ಬಹಿಷ್ಕಾರ ಹಾಕುವುದನ್ನು ದೇಶದೆಲ್ಲೆಡೆ ಅಪರಾಧ ಅಂತ ಬರೆಯಿತು. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ್ದು ಸುಮ್ನೆ ಅಲ್ಲ. ನನ್ನ ಲೆಕ್ಕ ಹೀಗೆ: ನೆಲ, ನೀರು, ಕಾಡಿನಂಥ ಎಲ್ಲರಿಗೂ ಸೇರಿದ್ದರ ಮೇಲೆ ಊರಿನ ಮಾತಿಗೆ ಕಾನೂನು ಬಲ ಕೊಡಬೇಕು. ಒಬ್ಬ ವ್ಯಕ್ತಿಯ ಮದುವೆ, ಊಟ, ಬೀದಿಯಲ್ಲಿ ನಡೆಯುವ ಹಕ್ಕಿನ ಮೇಲೆ ಊರಿನ ಕೈ ಬೀಳದಂತೆ ಅದೇ ಕಾನೂನು ತಡೆಯಬೇಕು. ನಮ್ಮಲ್ಲಿ ಬಹಳ ಸಲ ಉಲ್ಟಾ ಆಗಿದೆ. ಗೋಮಾಳದ ವಿಷಯದಲ್ಲಿ ಊರಿಗೆ ಬಾಯಿಲ್ಲ, ಹುಡುಗಿಯ ವಿಷಯದಲ್ಲಿ ಊರಿಗೆ ನೂರು ಬಾಯಿ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನ ಸದಸ್ಯರದ್ದು. ‘ನಾವು ನಿರ್ಣಯ ಮಾಡುತ್ತೇವೆ, ಮೇಲಿನವರು ತಡೆಹಿಡಿಯುತ್ತಾರೆ. ಆಮೇಲೇನು?’ ನಿಜ, ನಿರ್ಣಯ ಕಾನೂನಿಗೆ ವಿರುದ್ಧ ಅಥವಾ ಅನುಚಿತ ಅಂತ ಕಂಡರೆ ಜಾರಿ ತಡೆಯುವ ಅಧಿಕಾರ ನಮ್ಮ ಕಾಯ್ದೆಯಲ್ಲಿ ಮೇಲಿನ ಅಧಿಕಾರಿಗೆ ಇದೆ. ಆದ್ದರಿಂದ ನಿರ್ಣಯ ಬರೆಯುವ ಕ್ರಮದಲ್ಲೇ ಅರ್ಧ ಕೆಲಸ ಇದೆ. ‘ಸಭೆಯಲ್ಲಿ ಚರ್ಚಿಸಿ ಮುಂದಿನ ಕ್ರಮಕ್ಕೆ ಬಿಡಲಾಯಿತು’ ಅಂತ ಪಿಡಿಒ ಒಂದು ಸಾಲು ಬರೆದು ಮುಗಿಸಿದರೆ ಅದನ್ನು ತಡೆಯುವ ಕಷ್ಟವೂ ಮೇಲಿನವರಿಗೆ ಇರುವುದಿಲ್ಲ. ಯಾವ ಸರ್ವೆ ನಂಬರ್, ಅಲ್ಲಿ ಯಾವ ಕೆರೆ ಇದೆ, ಎಷ್ಟು ದನ ಮೇಯುತ್ತವೆ, ಯಾರು ಏನು ಹೇಳಿದರು, ಯಾವ ಕಾರಣಕ್ಕೆ ಬೇಡ ಅಂತ ಒಂದೊಂದಾಗಿ ಬರೆಸಿ. ವಿರೋಧ ಹೇಳಿದವರ ಮಾತನ್ನೂ ಬರೆಸಿ, ಅದು ನಿರ್ಣಯವನ್ನು ಗಟ್ಟಿ ಮಾಡುತ್ತದೆ. ಮೊದಲು ವಾರ್ಡ್ ಸಭೆಯಲ್ಲಿ ತನ್ನಿ, ಯಾಕೆಂದರೆ ನೊಂದ ಊರಿನ ದನಿ ಅಲ್ಲಿ ಬೇರೆಯಾಗಿ ದಾಖಲಾಗುತ್ತದೆ. ಹಾಜರಿ ಪುಸ್ತಕದಲ್ಲಿ ಮಹಿಳೆಯರ ಸಹಿ, ಪರಿಶಿಷ್ಟರ ಸಹಿ ಇರಲಿ. ಕೋರಂ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬಿದ್ದುಹೋದ ನಿರ್ಣಯಗಳು ಬೇಕಾದಷ್ಟಿವೆ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಎಲ್ಲರ ಮುಂದೆ ಜೋರಾಗಿ ಓದಿಸಿ, ಓದಿದ ಮೇಲೆ ಸಹಿ ಹಾಕಿ, ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಹಾಕಬೇಡಿ. ಮಾರನೇ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ವಕೀಲರು ನಿಮ್ಮನ್ನು ಕೇಳುವ ಮೊದಲ ಕಾಗದ ಅದೇ.